ಶಾಸಕರು ಸಂಸದರಾದ ಮೇಲೆ ಅರ್ಜಿ ಯಾರ ಹೆಸರಿಗೆ ಬರೆಯಬೇಕು?

ಶಿಗ್ಗಾವಿಯಲ್ಲಿ ಟೇಬಲ್ ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುವುದು ನನ್ನ ಕೆಲಸ. 2024ರ ಮಳೆಗಾಲದಲ್ಲಿ ನಮ್ಮದೇ ಶಿಗ್ಗಾವಿ ವಿಧಾನಸಭಾ ಕ್ಷೇತ್ರದ ಸವಣೂರು ಕಡೆಯ ಅಜ್ಜಿಯೊಬ್ಬರು ಬಂದರು. ಊರ ಮುಂದಿನ ಹಳ್ಳ ತುಂಬಿದರೆ ಮಕ್ಕಳು ಸಾಲಿಗೆ ಹೋಗೋಕೆ ಆಗಲ್ಲ, ಸಣ್ಣದೊಂದು ಸೇತುವೆ ಬೇಕು ಅಂದರು.

"ಯಪ್ಪಾ, ಶಾಸಕರು ಬೊಮ್ಮಾಯಿ ಸಾಹೇಬ್ರು ಅಂತ ಬರಿ."

"ಯವ್ವಾ, ಅವರೀಗ ನಮ್ಮ ಶಾಸಕರಲ್ಲ. ಎಂಪಿ ಆಗ್ಯಾರ."

"ಹಂಗಾರ ಇನ್ನೂ ಚಲೋ ಆತಲ್ಲ!"

ಹೀಗೆ ಅಂದುಕೊಳ್ಳುವವರೇ ಜಾಸ್ತಿ. ಆದರೆ ಹುದ್ದೆಯ ಜೊತೆ ಕೆಲಸವೂ ಬದಲಾಗುತ್ತದೆ, ಎಷ್ಟೋ ಸಲ ಕ್ಷೇತ್ರವೂ ಬದಲಾಗುತ್ತದೆ. ಅದಕ್ಕೆ ಮೊದಲು ಕ್ಷೇತ್ರ ನೋಡಿಕೊಳ್ಳಿ.

ಬಸವರಾಜ ಬೊಮ್ಮಾಯಿ ಅವರು 1998 ಮತ್ತು 2004ರಲ್ಲಿ ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಹೋದರು. 2008ರಿಂದ 2023ರವರೆಗೆ ನಾಲ್ಕು ಸಲ ಶಿಗ್ಗಾವಿಯಿಂದ ಗೆದ್ದರು. ಮುಖ್ಯಮಂತ್ರಿಯೂ ಆದರು. 2024ರ ಜೂನ್‌ನಲ್ಲಿ ಹಾವೇರಿಯಿಂದ ಲೋಕಸಭೆಗೆ ಆರಿಸಿ ಬಂದರು. ಆದರೆ ನಮ್ಮ ಶಿಗ್ಗಾವಿ ಹಾವೇರಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಧಾರವಾಡ ಕ್ಷೇತ್ರಕ್ಕೆ ಸೇರಿದೆ. ಹಾವೇರಿ ಲೋಕಸಭಾ ಕ್ಷೇತ್ರದಲ್ಲಿ ಇರೋದು ಹಾವೇರಿ, ಹಾನಗಲ್, ಬ್ಯಾಡಗಿ, ಹಿರೇಕೆರೂರು, ರಾಣೆಬೆನ್ನೂರು, ಜೊತೆಗೆ ಗದಗ, ರೋಣ, ಶಿರಹಟ್ಟಿ. ಅಂದರೆ ಆ ಅಜ್ಜಿಯ ಸಂಸದರು ಪ್ರಲ್ಹಾದ ಜೋಶಿ. ಜಿಲ್ಲೆ ನೋಡಿ ಸಂಸದರ ಹೆಸರು ಬರೆಯಬೇಡಿ.

ಎರಡೂ ಸ್ಥಾನ ಇಟ್ಟುಕೊಳ್ಳೋಕೆ ಬರುವುದಿಲ್ಲ. ಗೆದ್ದದ್ದು ಗೆಜೆಟ್‌ನಲ್ಲಿ ಪ್ರಕಟವಾದ 14 ದಿನದೊಳಗೆ ವಿಧಾನಸಭೆ ಬಿಡದಿದ್ದರೆ ಸಂಸತ್ತಿನ ಸ್ಥಾನವೇ ಹೋಗುತ್ತದೆ. ಹಾಗಾಗಿ ಜೂನ್‌ನಲ್ಲೇ ರಾಜೀನಾಮೆ ಆಯಿತು. ಉಪಚುನಾವಣೆಯ ಮತದಾನ ನವೆಂಬರ್ 13ಕ್ಕೆ, ಎಣಿಕೆ 23ಕ್ಕೆ. ಅಲ್ಲಿಯವರೆಗೆ ನಮಗೆ ಶಾಸಕರೇ ಇರಲಿಲ್ಲ. ಇಂಥ ಹೊತ್ತಿನಲ್ಲಿ ಸುಮ್ನೆ ಕಾಯಬೇಡಿ. ಅರ್ಜಿಯನ್ನು ಕೆಲಸ ಮಾಡುವ ಅಧಿಕಾರಿಯ ಹೆಸರಿಗೇ ಬರೆಯಿರಿ. ಹೊಸ ಶಾಸಕರು ಬಂದ ಮೇಲೆ ಅದರದ್ದೇ ಪ್ರತಿ ಅವರಿಗೆ ಕೊಡಿ.

ಇನ್ನು ವಿಷಯ. ಹಳ್ಳಿ ರಸ್ತೆ, ಸಾಲಿ ಕೋಣೆ, ಪೊಲೀಸ್ ಠಾಣೆ, ಪಹಣಿ ಇವೆಲ್ಲ ರಾಜ್ಯದ್ದು, ಶಾಸಕರ ಬಳಿ ಹೋಗಬೇಕು. ರೈಲು, ರಾಷ್ಟ್ರೀಯ ಹೆದ್ದಾರಿ, ಅಂಚೆ, ಪಾಸ್‌ಪೋರ್ಟ್ ಕೇಂದ್ರದ್ದು. ಊರ ಪಕ್ಕದ 48ನೇ ಹೆದ್ದಾರಿಗೆ ಸರ್ವಿಸ್ ರಸ್ತೆ ಬೇಕಾದರೆ ಸಂಸದರಿಗೆ ಬರೆಯಿರಿ. ಕೆಲವು ವಿಷಯಕ್ಕೆ ಇಬ್ಬರೂ ಬೇಕು. ಮಹದಾಯಿ ನೀರನ್ನು ಮಲಪ್ರಭೆಗೆ ತರುವ ಕಳಸಾ–ಬಂಡೂರಿ ಯೋಜನೆ ನೋಡಿ. ಕಾಮಗಾರಿ ಮಾಡೋದು ರಾಜ್ಯ, ವನ್ಯಜೀವಿ ಅನುಮತಿ ಬರಬೇಕಾದ್ದು ಕೇಂದ್ರದಿಂದ. ಅಲ್ಲಿ ಬೊಮ್ಮಾಯಿ ಅವರಂತೆ ರಾಜ್ಯದಲ್ಲಿ ಜಲಸಂಪನ್ಮೂಲ ಸಚಿವರಾಗಿದ್ದವರು ಲೋಕಸಭೆಯಲ್ಲಿ ಕೂತರೆ ಆ ಅನುಭವ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕಡತ ಎಲ್ಲಿ ನಿಂತಿದೆ ಅಂತ ಕೇಳೋಕೆ ಗೊತ್ತಿರಬೇಕಲ್ವಾ?

ಸಂಸದರು ಸದನದಲ್ಲಿ ಪ್ರಶ್ನೆ ಕೇಳಲಿ ಅನ್ನೋದಾದರೆ ಬೇಗ ಕೊಡಿ. ಪ್ರಶ್ನೆಗೆ ಕನಿಷ್ಠ 15 ದಿನ ಮೊದಲೇ ನೋಟಿಸ್ ಹೋಗಬೇಕು. ಅಧಿವೇಶನ ಶುರುವಾಗುವ ಒಂದು ತಿಂಗಳ ಮುಂಚೆ ಅರ್ಜಿ ಅವರ ಕೈಯಲ್ಲಿರಲಿ. ಒಂದು ಅರ್ಜಿಗೆ ಒಂದೇ ವಿಷಯ. ಸಚಿವರ ಉತ್ತರ ಲೋಕಸಭೆಯ ವೆಬ್‌ಸೈಟ್‌ನಲ್ಲಿ ಸಂಸದರ ಹೆಸರಿನಡಿ ಸಿಗುತ್ತದೆ. ಪ್ರಿಂಟ್ ತೆಗೆದು ಮುಂದಿನ ಅರ್ಜಿಗೆ ಹಚ್ಚಿ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಸಂಸದರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡೋದು ಜಿಲ್ಲಾಡಳಿತ. ಸಮುದಾಯಕ್ಕೆ ಆಗುವ ಕೆಲಸಕ್ಕೆ ಮಾತ್ರ ಅದು.

ಅಜ್ಜಿಗೆ ಎರಡು ಅರ್ಜಿ ಬರೆದೆ. ಒಂದು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೆ, ಇನ್ನೊಂದು ಧಾರವಾಡದ ಸಂಸದರಿಗೆ, ನಿಧಿಯಿಂದ ಸೇತುವೆ ಕೇಳಿ. ಹಳ್ಳ ದಾಟುವ ಮಕ್ಕಳ ಸಂಖ್ಯೆಯನ್ನು ಎರಡರಲ್ಲೂ ಮೊದಲ ಸಾಲಿಗೇ ಹಾಕಿದೆ. ಕೊಟ್ಟ ಕಡೆ ನಿಮ್ಮ ಪ್ರತಿಯ ಮೇಲೆ ಮುದ್ರೆ, ತಾರೀಖು ಹಾಕಿಸಿಕೊಂಡು ಬಾ ಯವ್ವಾ ಅಂದಿದ್ದೆ. ವಾರ ಬಿಟ್ಟು ಬಂದವರು ಎಲಿ ಅಡಕಿ ಚಂಚಿ ಬಿಚ್ಚಿ, ನಾಲ್ಕು ಮಡಿಕೆ ಮಾಡಿದ್ದ ಎರಡೂ ಹಾಳೆ ನನ್ನ ಟೇಬಲ್ ಮೇಲೆ ಹರವಿದರು. ಎರಡರ ಮೇಲೂ ಮುದ್ರೆ ಇತ್ತು.