ಕೊಡಲಿಯೋ ಕತ್ತಿಯೋ? ಸರಾಸರಿ ಡ್ಯಾಮೇಜ್ ಲೆಕ್ಕ ಹಾಕುವ ಬಗೆ

ಚಿಕ್ಕಮಗಳೂರಿನಲ್ಲಿ ಜುಲೈ ತಿಂಗಳ ಭಾನುವಾರ ಅಂದ್ರೆ ಬಿಡದ ಮಳೆ, ಬರೋದು ಹೋಗೋದು ಮಾಡುವ ಕರೆಂಟು. ನಾವು ಐದು ಜನ ಗೆಳೆಯನ ಮನೆ ಮಹಡಿ ಮೇಲೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಹಾಕುತ್ತಾ ಕಥೆ ಕಟ್ಟುವ ಆಟ) ಹರಡಿಕೊಂಡು ಕೂರುತ್ತೇವೆ. ಮೊನ್ನೆ ಗ್ರೇಟ್‌ಆ್ಯಕ್ಸ್ ಒಳ್ಳೇದಾ ಗ್ರೇಟ್‌ಸ್ವೋರ್ಡ್ ಒಳ್ಳೇದಾ, ಅಂದ್ರೆ ದೊಡ್ಡ ಕೊಡಲಿಯಾ ದೊಡ್ಡ ಕತ್ತಿಯಾ ಅಂತ ಶುರುವಾಗಿ, ಒಂದು ಗಂಟೆ ಆಟವೇ ನಿಂತು ಹೋಯಿತು. "ಲೋ ಮಗಾ, ಕೊಡಲಿಗೆ ಹನ್ನೆರಡು ಬೀಳತ್ತೆ ಕಣೋ" ಅಂತ ಒಬ್ಬ. "ನಿಂಗೆ ಯಾವತ್ತು ಬಿದ್ದಿದೆ ಹೇಳು ನೋಡೋಣ" ಅಂತ ಇನ್ನೊಬ್ಬ. ಇಷ್ಟು ಕೂಗಾಡೋ ಬದಲು ಒಂದು ಹಾಳೆ, ಒಂದು ಪೆನ್ನು ತಗೊಂಡಿದ್ರೆ ಐದು ನಿಮಿಷದ ಕೆಲಸ.

ನಾವು ಆಡುವುದು 5ನೇ ಆವೃತ್ತಿ, 2014ರ ನಿಯಮ. ಲೆಕ್ಕವೂ ಅದರದ್ದೇ. ಡ್ಯಾಮೇಜ್ ಅಂದ್ರೆ ಏಟು ತಾಗಿದಾಗ ಎದುರಾಳಿಗೆ ಆಗುವ ಪೆಟ್ಟು, ಎಷ್ಟು ಅಂತ ಡೈಸ್ ಹಾಕಿ ನೋಡುತ್ತೇವೆ.

ಮೊದಲು ಡೈಸ್‌ನ ಸರಾಸರಿ. ಅದರ ಮೇಲಿನ ದೊಡ್ಡ ಸಂಖ್ಯೆಗೆ ಒಂದು ಕೂಡಿಸಿ, ಎರಡರಿಂದ ಭಾಗಿಸಿ. ಡಿ6ಕ್ಕೆ (ಆರು ಮುಖದ ಡೈಸ್) 3.5, ಡಿ8ಕ್ಕೆ 4.5, ಡಿ12ಕ್ಕೆ 6.5. ಕತ್ತಿಗೆ ಎರಡು ಡಿ6, ಹಾಗಾಗಿ 7. ಕೊಡಲಿಗೆ ಒಂದು ಡಿ12, ಹಾಗಾಗಿ 6.5. ಅರ್ಧ ಪಾಯಿಂಟು! ಇಷ್ಟಕ್ಕೆ ಒಂದು ಗಂಟೆ ಜಗಳ ಆಡಿದ್ದೆವು. ಆದರೆ ಬೀಳುವ ರೀತಿ ಬೇರೆ ಬೇರೆ. ಡಿ12ರಲ್ಲಿ 1 ಬೀಳುವುದಕ್ಕೂ 12 ಬೀಳುವುದಕ್ಕೂ ಒಂದೇ ಅವಕಾಶ. ಎರಡು ಡಿ6 ಹಾಕಿದರೆ 36ರಲ್ಲಿ 6 ಸಲ 7 ಬರುತ್ತದೆ, 12 ಬರುವುದು ಒಂದೇ ಸಲ. ಅಜ್ಜಿ ಜೊತೆ ಚೌಕಾಬಾರ ಆಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ನಾಲ್ಕು ಕವಡೆ ಎಸೆದರೆ ಸುಮ್ನೆ ಎರಡು ಬೀಳುತ್ತಲೇ ಇರುತ್ತದೆ, ನಾಲ್ಕಕ್ಕೆ ಎಂಟಕ್ಕೆ ಕಾದು ಕಾದು ಸುಸ್ತಾಗುತ್ತದೆ.

ತುಂಬಾ ಜನ ಲೆಕ್ಕವನ್ನು ಇಲ್ಲಿಗೇ ಬಿಡುತ್ತಾರೆ. ಏಟು ತಾಗದಿದ್ದರೆ ಆ 7 ಇಟ್ಟುಕೊಂಡು ಏನು ಮಾಡೋದು? ಅದಕ್ಕೇ ಎಸಿ ಬೇಕು. ಎಸಿ ಅಂದ್ರೆ ನಮ್ಮೂರಿಗೆ ಮಳೆಗಾಲದಲ್ಲಿ ಬೇಡವೇ ಬೇಡವಾದ ಆ ಎಸಿ ಅಲ್ಲ, ಆರ್ಮರ್ ಕ್ಲಾಸ್. ಡಿ20 ಹಾಕಿ ಬಂದದ್ದಕ್ಕೆ ಅಟ್ಯಾಕ್ ಬೋನಸ್ (ಪಾತ್ರಕ್ಕೆ ಇರುವ ಹೆಚ್ಚುವರಿ ಅಂಕ) ಕೂಡಿಸಿದಾಗ ಎದುರಾಳಿಯ ಎಸಿಯಷ್ಟಾದರೂ ಆದರೆ ಏಟು ತಾಗುತ್ತದೆ. 21ಕ್ಕೆ ನಿಮ್ಮ ಅಟ್ಯಾಕ್ ಬೋನಸ್ ಕೂಡಿಸಿ, ಎದುರಾಳಿಯ ಎಸಿ ಕಳೆಯಿರಿ, ಬಂದದ್ದನ್ನು 5ರಿಂದ ಗುಣಿಸಿ. ತಾಗುವ ಅವಕಾಶ ಶೇಕಡಾವಾರು ಸಿಕ್ಕಿತು. ಡಿ20ಯಲ್ಲಿ 1 ಬಿದ್ದರೆ ಯಾವಾಗಲೂ ತಪ್ಪು, 20 ಬಿದ್ದರೆ ಯಾವಾಗಲೂ ಏಟು, ಹಾಗಾಗಿ 95 ದಾಟುವುದಿಲ್ಲ, 5ಕ್ಕಿಂತ ಇಳಿಯುವುದೂ ಇಲ್ಲ.

ನನ್ನ ಪಾತ್ರ ಫೈಟರ್ ಅನ್ನೋ ಯೋಧ, 5ನೇ ಲೆವೆಲ್, ಸ್ಟ್ರೆಂತ್ 18. ಅಂದ್ರೆ ಅಟ್ಯಾಕ್‌ಗೆ +7, ಡ್ಯಾಮೇಜ್‌ಗೆ +4. ಎದುರಿಗೆ ಎಸಿ 15 ಇರುವವನು. 21+7-15 ಅಂದ್ರೆ 13, ಶೇ 65. ಕತ್ತಿ ಏಟಿಗೆ 7+4=11. 0.65 × 11 = 7.15. ಇದಕ್ಕೆ ಕ್ರಿಟಿಕಲ್ ಸೇರಿಸಬೇಕು: 20 ಬಿದ್ದರೆ ಡೈಸ್ ಮಾತ್ರ ಎರಡರಷ್ಟಾಗುತ್ತದೆ, +4 ಆಗುವುದಿಲ್ಲ. ಹಾಗಾಗಿ 0.05 × 7 = 0.35 ಕೂಡಿಸಿ. ಒಟ್ಟು 7.5. ಕೊಡಲಿಗೆ ಇದೇ ಲೆಕ್ಕ ಮಾಡಿದರೆ 7.15. ನನ್ನ ಫೈಟರ್‌ಗೆ ಕತ್ತಿಯೇ ಸೈ.

ಮಜಾ ಇರುವುದು ಪಾತ್ರಕ್ಕೆ ಸಿಗುವ ವಿಶೇಷ ಕೌಶಲವಾದ ಗ್ರೇಟ್ ವೆಪನ್ ಮಾಸ್ಟರ್ ಫೀಟ್‌ನಲ್ಲಿ. ಅಟ್ಯಾಕ್‌ನಲ್ಲಿ 5 ಕಳೆದುಕೊಂಡು ಡ್ಯಾಮೇಜ್‌ಗೆ 10 ಪಡೆಯುವುದು. (2024ರ ನಿಯಮದಲ್ಲಿ ಈ ಕೊಡು-ಕೊಳ್ಳುವಿಕೆ ಇಲ್ಲ, ನನಗಂತೂ ಬೇಜಾರಾಯಿತು.) ಅದೇ ಎಸಿ 15ಕ್ಕೆ ತಾಗುವ ಅವಕಾಶ ಶೇ 40ಕ್ಕೆ ಇಳಿಯುತ್ತದೆ, ಏಟು 21ಕ್ಕೆ ಏರುತ್ತದೆ. 8.4+0.35=8.75. ಲಾಭವೇ. ಎಸಿ 17ರಲ್ಲಿ ಸಾದಾ ಏಟಿನ 6.4ಕ್ಕೆ ಬದಲು 6.65, ಇನ್ನೂ ಸ್ವಲ್ಪ ಲಾಭ. ಎಸಿ 18ಕ್ಕೆ ಹೋದರೆ 5.85ಕ್ಕೆ 5.6, ಉಲ್ಟಾ ಆಯಿತು. ಅಡ್ವಾಂಟೇಜ್ (ಡಿ20 ಎರಡು ಸಲ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವ ಅವಕಾಶ) ಇದ್ದರೆ 18ರಲ್ಲೂ ಹೊಡೆಯಬಹುದು. ಆಗ ತಪ್ಪುವ ಅವಕಾಶವನ್ನು ಅದರಿಂದಲೇ ಗುಣಿಸಿ 1ರಿಂದ ಕಳೆಯಬೇಕು: ಶೇ 25 ಇದ್ದದ್ದು 43.75 ಆಗುತ್ತದೆ.

ಈ ಲೆಕ್ಕ ನಂಬಿಕೊಂಡು ನಾನು ಗಾಬ್ಲಿನ್ ಅನ್ನೋ ಪುಟಾಣಿ ರಾಕ್ಷಸನ ಮುಂದೆ ಮಾನ ಕಳೆದುಕೊಂಡೆ. ಗಾಬ್ಲಿನ್‌ಗೆ ಎಸಿ 15, 8.75 ದೊಡ್ಡದು ತಾನೇ ಅಂತ ಮೈನಸ್ 5 ತಗೊಂಡು ಬೀಸಿದೆ, ತಪ್ಪಿತು. ಮತ್ತೆ ಬೀಸಿದೆ, ಮತ್ತೆ ತಪ್ಪಿತು. ಆ ಬಡಪಾಯಿ ಗಾಬ್ಲಿನ್‌ಗೆ ಇರುವುದೇ 7 ಹಿಟ್ ಪಾಯಿಂಟ್, ಅಂದ್ರೆ ಅಷ್ಟು ಡ್ಯಾಮೇಜ್ ಆದರೆ ಅದರ ಕಥೆ ಮುಗೀತು! ನನ್ನ ಸಾದಾ ಏಟೇ ಕಡಿಮೆ ಅಂದರೂ 6. ಎರಡೂ ಡೈಸ್‌ನಲ್ಲಿ 1 ಬಿದ್ದರೆ ಮಾತ್ರ ಅದು ಉಳಿಯುತ್ತದೆ, ಅಂದ್ರೆ 36ರಲ್ಲಿ ಒಂದು ಸಲ. ಸಾದಾ ಹೊಡೆದರೆ ಒಂದೇಟಿಗೆ ಸಾಯುವ ಅವಕಾಶ ಶೇ 63, ಫೀಟ್ ಬಳಸಿದರೆ ಶೇ 40. 7 ಹಿಟ್ ಪಾಯಿಂಟ್‌ಗೆ 21 ಹೊಡೆದರೆ ಮಿಕ್ಕ 14 ನೆಲದ ಪಾಲು, ಆದರೆ ಸರಾಸರಿ ಅದನ್ನೂ ನಮ್ಮ ಲೆಕ್ಕಕ್ಕೇ ಬರೆಯುತ್ತದೆ. ಓಗರ್ ಅನ್ನೋ ದೈತ್ಯ ಬಂದರೆ ಬೇರೆ ಮಾತು. ಎಸಿ 11, ಹಿಟ್ ಪಾಯಿಂಟ್ 59, ಚೆಲ್ಲಿಹೋಗುವುದು ಕಡಿಮೆ. ನನಗೆ ಒಂದು ಟರ್ನ್‌ಗೆ ಎರಡು ಏಟು: ಸಾದಾ 19.4, ಫೀಟ್ ಹಾಕಿದರೆ 25.9. ಕಣ್ಣು ಮುಚ್ಚಿ ಫೀಟ್ ಹಾಕಿ.

ಫೈರ್‌ಬಾಲ್ ಥರದ ಮಂತ್ರಕ್ಕೆ ಎಸಿ ಲೆಕ್ಕವಿಲ್ಲ. ಎಂಟು ಡಿ6 ಅಂದ್ರೆ 28, ಸೇವ್ ಆದರೂ (ಎದುರಾಳಿ ಡೈಸ್ ಹಾಕಿ ತಪ್ಪಿಸಿಕೊಂಡರೂ) ಅರ್ಧ ತಾಗುತ್ತದೆ. ಸೇವ್ ತಪ್ಪುವ ಅವಕಾಶ ಶೇ 60 ಇದ್ದರೆ ತಲೆಗೆ 22.4, ಎಷ್ಟು ತಲೆ ಸಿಕ್ಕಿದವೋ ಅಷ್ಟರಿಂದ ಗುಣಿಸಿ.

ಇನ್ನು, ಡಿಎಂ (ಆಟ ನಡೆಸುವ ಡಂಜನ್ ಮಾಸ್ಟರ್) ಎಸಿ ಬಾಯಿ ಬಿಡಲ್ವಲ್ಲ ಅಂತೀರಾ? ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳುತ್ತಾ ಹೋಗಿ. ಒಬ್ಬನ ಒಟ್ಟು 14 ತಪ್ಪಿತು, ಇನ್ನೊಬ್ಬನದು 16 ತಾಗಿತು ಅಂದ್ರೆ ಎಸಿ 15 ಇಲ್ಲಾ 16. ಎರಡನೇ ರೌಂಡ್ ಹೊತ್ತಿಗೆ ಗೊತ್ತಾಗಿರುತ್ತದೆ. ನಮ್ಮ ಡಿಎಂ ಇದನ್ನು ನೋಡಿದಾಗಿನಿಂದ ನನ್ನನ್ನು ಶಾನುಭೋಗರೇ ಅಂತಲೇ ಕರೆಯುತ್ತಾನೆ.