ಹಂಡೆ ಉಳಿಸಿಕೊಂಡು ಕಟ್ಟಿದ ಹೊಸ ಬಚ್ಚಲು

ನಮ್ಮದು ಸಕಲೇಶಪುರ ತಾಲ್ಲೂಕು, ಹಾನುಬಾಳು ಕಡೆ. ಅಜ್ಜನ ಕಾಲದ ಮನೆ, ಮಣ್ಣಿನ ಗೋಡೆ, ಮಂಗಳೂರು ಹೆಂಚು. ಬಚ್ಚಲು ಅಂದರೆ ಹಿತ್ತಲ ಕಡೆಗೆ ಇಳಿಬಿಟ್ಟ ಮಾಡು, ಮೂಲೆಯಲ್ಲಿ ತಾಮ್ರದ ಹಂಡೆ, ಕೆಳಗೆ ಒಲೆ, ಮಸಿ ಹಿಡಿದ ಗೋಡೆ, ನಿಂತು ಮೀಯಲು ಒಂದು ಚಪ್ಪಡಿ. ಕಕ್ಕಸು ಅಲ್ಲಿಂದ ಇನ್ನೂ ಇಪ್ಪತ್ತು ಹೆಜ್ಜೆ ಆಚೆ. ಹೋದ ವರ್ಷ ಆರಿದ್ರಾ ಮಳೆಯಲ್ಲಿ ಒಂದು ರಾತ್ರಿ ಅವ್ವ ಅಲ್ಲಿಂದ ಬರುವಾಗ ಪಾಚಿ ಮೇಲೆ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ಪುಣ್ಯ. ಮಳೆ ಹೊಳವು ಕೊಟ್ಟ ಕೂಡಲೇ ಕೆಲಸ ಶುರು ಮಾಡೋದು ಅಂತ ಆವತ್ತೇ ತೀರ್ಮಾನ ಆಯ್ತು.

ಅವ್ವ ಒಂದೇ ಷರತ್ತು ಹಾಕಿದಳು: "ಹಂಡೆ ಎತ್ತಂಗಿಲ್ಲ. ನೀರು ತುಂಬೋ ಹಬ್ಬಕ್ಕೆ ಹಿಂಡ್ಲೆಕಾಯಿ ಬಳ್ಳಿನ ನಿನ್ನ ಗೀಸರಿಗೆ ಸುತ್ತಲಾ?" ಅವಳ ಮಾತಲ್ಲಿ ಸೆಂಟಿಮೆಂಟ್ ಅಷ್ಟೇ ಇರಲಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಮೂರು ದಿನ ಪತ್ತೆ ಇರಲ್ಲ, ಬಿಸಿಲು ಕಾಣದ ತಿಂಗಳುಗಳಲ್ಲಿ ಸೋಲಾರ್ ನೆಚ್ಚಿಕೊಳ್ಳೋ ಹಾಗಿಲ್ಲ. ಮರಗಸಿ ಮಾಡಿದ, ಅಂದರೆ ತೋಟದ ನೆರಳು ಮರಗಳ ಕೊಂಬೆ ಸವರಿದ ಸೌದೆ ಮಾತ್ರ ಕೊಟ್ಟಿಗೆ ತುಂಬ ಬಿದ್ದಿರುತ್ತೆ.

ಹಾಸನದ ಬಿ.ಎಂ. ರಸ್ತೆಯ ಅಂಗಡಿಗಳಲ್ಲಿ ಎರಡು ದಿನ ಸುತ್ತಿದೆ. ಅಂಗಡಿಯವರು ತೋರಿಸೋದೆಲ್ಲ ಕನ್ನಡಿ ಹಾಗೆ ಹೊಳೆಯೋ ದೊಡ್ಡ ಟೈಲ್ಸು, ಗಾಜಿನ ಗೋಡೆ, ತಲೆ ಮೇಲೆ ಮಳೆ ಸುರಿಸೋ ಶವರ್ರು. ನೋಡೋಕೆ ಚೆಂದವೇ. ಆದರೆ ವರ್ಷದಲ್ಲಿ ನಾಲ್ಕು ತಿಂಗಳು ಬಟ್ಟೆ ಒಣಗದ ಊರಲ್ಲಿ ಬಚ್ಚಲು ಬೇಗ ಒಣಗಬೇಕು, ಚೆಂದ ಆಮೇಲೆ. ನಾನು ಟೈಲ್ಸಿನ ನಾಲ್ಕು ಸ್ಯಾಂಪಲ್ ಚೂರು ಮನೆಗೆ ತಂದೆ. ಅವ್ವ ಹಿತ್ತಲಲ್ಲಿ ಅವನ್ನು ಸಾಲಾಗಿ ಇಟ್ಟು, ನೀರು ಚೆಲ್ಲಿ, ಮೇಲೆ ಎರಡು ಹನಿ ಹರಳೆಣ್ಣೆ ಬಿಟ್ಟು, ನನ್ನ ಭುಜ ಹಿಡಿದುಕೊಂಡು ಒಂದೊಂದರ ಮೇಲೂ ಹಿಮ್ಮಡಿ ಉಜ್ಜಿದಳು. ಮೂರು ಫೇಲು. ನಾಲ್ಕನೆಯದು ಬೂದಿ ಬಣ್ಣದ, ತರಿತರಿಯಾದ ಮ್ಯಾಟ್ ಟೈಲು, ಒಂದಡಿಗೆ ಒಂದಡಿ. ಅಂಗಡಿಯವನ ಲೆಕ್ಕದಲ್ಲಿ ಅದು ಹಳೇ ಫ್ಯಾಷನ್ನು. ಗೋಡೆಗೆ ಮಾತ್ರ ಎರಡಡಿ ನಾಲ್ಕಡಿಯ ದೊಡ್ಡ ಟೈಲೇ ತಂದೆ. ಸಂದಿ ಕಡಿಮೆಯಾದಷ್ಟೂ ಬೂಸ್ಟು ಕಡಿಮೆ.

ನೆಲಕ್ಕೆ ಚಿಕ್ಕ ಟೈಲು ಬೇಕಾದ್ದಕ್ಕೆ ಇನ್ನೊಂದು ಕಾರಣ ವಾಟ, ಅಂದರೆ ನೆಲದ ಇಳಿಜಾರು. ನಾಲ್ಕೂ ಕಡೆಯಿಂದ ನೀರು ನಾನಿ ಟ್ರಾಪಿನ (ನೆಲದಲ್ಲಿ ನೀರು ಹೊರಹೋಗೋ ಜಾಲರಿ ಬಾಯಿ) ಕಡೆಗೆ ಇಳಿಯಬೇಕಾದರೆ ನೆಲ ಬಟ್ಟಲಿನ ಹಾಗೆ ಬಾಗಬೇಕು. ದೊಡ್ಡ ಟೈಲು ಬಾಗಲ್ಲ, ಕೊಯ್ದು ಕೊಯ್ದು ಕೂರಿಸಬೇಕು. ಮೇಸ್ತ್ರಿಗೆ ಅಡಿಗೆ ಕಾಲಿಂಚು ವಾಟ ಕೊಡಿ ಅಂದೆ. "ಅಷ್ಟು ಕೊಟ್ರೆ ನಿಂತೋರು ವಾಲ್ತಾರೆ ಅಣ್ಣ" ಅಂತ ನಕ್ಕರು. ಕೊನೆಗೆ ಮೀಯುವ ಜಾಗಕ್ಕೆ ಕಾಲಿಂಚು, ಕಮೋಡ್ ಕಡೆಗೆ ಅದರ ಅರ್ಧ ಅಂತ ರಾಜಿ ಆಯ್ತು. ಒಣ ಭಾಗಕ್ಕೂ ಒದ್ದೆ ಭಾಗಕ್ಕೂ ನಡುವೆ ಅಡ್ಡಪಟ್ಟಿ ಇಡಲಿಲ್ಲ, ಅವ್ವ ಎಡವುತ್ತಾಳೆ. ಒದ್ದೆ ಭಾಗವನ್ನೇ ಅರ್ಧ ಇಂಚು ತಗ್ಗಿಸಿ ಒಂದು ಪರದೆ ಬಿಟ್ಟೆವು. ಗಾಜು ಬೇಡ ಅಂದಿದ್ದಕ್ಕೆ ನಮ್ಮ ಬೋರಿನ ನೀರು ಕಾರಣ. ಕಬ್ಬಿಣದ ಅಂಶ ಜಾಸ್ತಿ, ಬಿಳಿ ಬಕೆಟ್ಟೇ ಕೆಂಪಾಗುತ್ತೆ.

ಹಳೇ ಮಣ್ಣಿನ ಗೋಡೆಗೆ ಕೈ ಹಚ್ಚಲಿಲ್ಲ. ಅದನ್ನು ಕೊರೆದು ಪೈಪು ಹುದುಗಿಸಿದರೆ, ಒಂದು ಕಡೆ ಸೋರಿದರೂ ಗೋಡೆ ಒಳಗೊಳಗೇ ಕರಗುತ್ತೆ. ಪಕ್ಕಕ್ಕೆ ಬೇರೆಯದೇ ಸಿಮೆಂಟ್ ಬ್ಲಾಕ್ ಗೋಡೆ ಎಬ್ಬಿಸಿ ಎಂಟಡಿಗೆ ಆರಡಿಯ ಕೋಣೆ ಮಾಡಿ, ಪೈಪೆಲ್ಲ ಅದರಲ್ಲೇ ಓಡಿಸಿದೆವು. ಬಿಸಿನೀರಿಗೆ ಕಾವು ತಡೆಯೋ ಸಿಪಿವಿಸಿ ಪ್ಲಾಸ್ಟಿಕ್ ಪೈಪು, ತಣ್ಣೀರಿಗೆ ಯುಪಿವಿಸಿ ಪ್ಲಾಸ್ಟಿಕ್ಕಿನದು. ನೆಲಕ್ಕೂ ಗೋಡೆಯ ಬುಡಕ್ಕೂ ವಾಟರ್‌ಪ್ರೂಫಿಂಗ್ ಬಳಿದ ಮೇಲೆ ಟ್ರಾಪಿಗೆ ಬಿರಟೆ ಹಾಕಿ ನೀರು ಕಟ್ಟಿ ಎರಡು ದಿನ ಬಿಡಬೇಕು ಅಂತ ಹಟ ಹಿಡಿದೆ. ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದೆ. ಮಾರನೇ ಬೆಳಿಗ್ಗೆ ಗೆರೆಯಿಂದ ಅರ್ಧ ಹೆಬ್ಬೆಟ್ಟು ಇಳಿದಿತ್ತು. ಟ್ರಾಪು ಕಾಂಕ್ರೀಟಿಗೆ ಸೇರುವ ಕುತ್ತಿಗೆಯಲ್ಲೇ ಜಿನುಗು. ಅಲ್ಲಿ ಒಡೆದು, ಮತ್ತೆ ತುಂಬಿ, ಮತ್ತೆ ಬಳಿದು, ಮತ್ತೆ ಎರಡು ದಿನ. ಟೈಲು ಹಾಕಿದ ಮೇಲೆ ಗೊತ್ತಾಗಿದ್ದರೆ? ಮೇಸ್ತ್ರಿಯೂ ಆಮೇಲೆ ಏನೂ ಅನ್ನಲಿಲ್ಲ.

ಶವರ್ ವಿಷಯದಲ್ಲಿ ಎಡವಿದ್ದು ನಾನೇ. ಅಷ್ಟೆಲ್ಲ ಮಾತಾಡಿ ಒಂದು ಎಂಟಿಂಚಿನ ಮಳೆ ಶವರ್ ತಂದುಬಿಟ್ಟೆ. ತಿರುಗಿಸಿದರೆ ಕೆಟ್ಟ ನಲ್ಲಿಯ ಹಾಗೆ ತೊಟ್ಟು ತೊಟ್ಟು. ಸಿಂಟೆಕ್ಸ್ ಇದ್ದದ್ದು ಶವರಿಗಿಂತ ಐದಡಿ ಮೇಲೆ ಅಷ್ಟೆ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಅನ್ನೋ ಲೆಕ್ಕದಲ್ಲಿ ನನಗೆ ಸಿಗುತ್ತಿದ್ದದ್ದು 0.15. ಪ್ಲಂಬರ್ ಪ್ರೆಶರ್ ಪಂಪ್ ಹಾಕಿ ಅಂದ. ಕರೆಂಟೇ ಇಲ್ಲದ ದಿನ ಪಂಪ್ ಏನು ಮಾಡುತ್ತೆ? ಮನೆ ಹಿಂದೆ ಕಾಫಿ ತೋಟದ ದಿಬ್ಬ ಇದೆಯಲ್ಲ, ಟ್ಯಾಂಕನ್ನೇ ಅಲ್ಲಿಗೆ ಏರಿಸಿದೆವು, ಸುಮಾರು ಮೂವತ್ತಡಿ ಮೇಲಕ್ಕೆ. ಬೋರಿನ ಮೋಟಾರು ಹೇಗೂ ಅಲ್ಲಿಗೆ ನೀರೆತ್ತುತ್ತೆ. ಈಗ ಶವರ್ ನಿಜವಾಗಿಯೂ ಸುರಿಯುತ್ತೆ. ಬಯಲುಸೀಮೆಯವರಿಗೆ ಈ ದಿಬ್ಬ ಎಲ್ಲಿಂದ ಬರಬೇಕು, ಅವರು ಪಂಪೇ ಹಾಕಿಸಬೇಕು.

ಹಂಡೆ ಒಳಗೇ ಉಳಿಯಿತು, ಒಲೆಯ ಬಾಯಿ ಮಾತ್ರ ಗೋಡೆಯಾಚೆ ಹೋಯಿತು. ಹೊಗೆ, ಬೂದಿ, ಸೌದೆ ಎಲ್ಲ ಹೊರಗೆ. ಕಿಟಕಿ ಮುಚ್ಚಿದ ಬಚ್ಚಲೊಳಗೆ ಕೆಂಡ ಉರಿಸೋದು ಜೀವಕ್ಕೇ ಅಪಾಯ, ಮೊದಲು ಇದನ್ನೆಲ್ಲ ಯಾರು ಯೋಚಿಸಿದ್ದರು. ಹಂಡೆ ಸುತ್ತ ಟೈಲು ಬೇಡ ಅಂದೆ, ಕಾವಿಗೆ ಬಿಟ್ಟುಕೊಳ್ಳುತ್ತೆ. ಅಲ್ಲಿ ಗ್ರಾನೈಟ್ ಇದೆ. ಎದುರು ಗೋಡೆಗೆ 25 ಲೀಟರ್ ಗೀಸರ್, ಅದಕ್ಕೆ ಸರಿಯಾದ ಅರ್ಥಿಂಗು, ಕರೆಂಟು ಸೋರಿದರೆ ತಾನೇ ಕಡಿದುಬಿಡೋ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ಚು. ಇವೆರಡರಲ್ಲಿ ಜುಗ್ಗತನ ಮಾಡಲಿಲ್ಲ.

ಉಳಿದದ್ದು ಚಿಕ್ಕಪುಟ್ಟ ವಿಚಾರ. ಬಾಗಿಲು ಯುಪಿವಿಸಿಯದು, ಮರ ಮಳೆಗೆ ಉಬ್ಬಿ ಕಚ್ಚಿಕೊಳ್ಳುತ್ತೆ. ಅದು ಹೊರಗೆ ತೆರೆಯುತ್ತೆ, ಒಳಗೆ ಯಾರಾದರೂ ಬಿದ್ದರೆ ದೇಹ ಬಾಗಿಲಿಗೆ ಅಡ್ಡವಾಗಬಾರದು. ಕಮೋಡ್ ಪಕ್ಕ, ಮೀಯುವ ಕಡೆ ಎರಡು ಸ್ಟೀಲ್ ಹಿಡಿ. ಕೂತು ಮೀಯಲು ಒಂದೂವರೆ ಅಡಿ ಎತ್ತರದ ಕಲ್ಲಿನ ಕಟ್ಟೆ, ಹಳೇ ಚಪ್ಪಡಿಯನ್ನೇ ಕೊಯ್ಸಿದ್ದು.

ನೀರು ತುಂಬೋ ಹಬ್ಬಕ್ಕೆ ಮೂರು ದಿನ ಇರುವಾಗ ಕೆಲಸ ಮುಗಿಯಿತು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಂಡೆ ಬೂದಿ ಬಣ್ಣದ ಟೈಲ್ಸಿನ ನಡುವೆ ಬೆಂಕಿ ಹಾಗೆ ಕಾಣುತ್ತಿತ್ತು. ಅವ್ವ ಬಳ್ಳಿ ಸುತ್ತಿ, ಕುಂಕುಮ ಇಟ್ಟು, ಮಾರನೇ ಬೆಳಿಗ್ಗೆ ಎಣ್ಣೆ ನೀರು ಹಾಕಿಕೊಂಡು ಹೊರಗೆ ಬಂದಳು. ನಾನು ಬಾಗಿಲ ಹತ್ತಿರವೇ ಕಾಯುತ್ತಿದ್ದೆ.

"ಜಾರ್ಲಿಲ್ಲ ಕಣೋ" ಅಂದಳು. "ಆದ್ರೆ ಸೋಪಿನ ಗೂಡಲ್ಲಿ ನೀರು ನಿಂತದೆ, ಹೋಗಿ ನೋಡು."

ಹೋಗಿ ನೋಡಿದೆ. ಗೋಡೆಯೊಳಗೆ ಟೈಲ್ಸ್ ಹಾಕಿ ಮಾಡಿದ ಆ ಗೂಡಿಗೆ ವಾಟ ಕೊಡಿಸೋದನ್ನು ನಾನೂ ಮರೆತಿದ್ದೆ, ಮೇಸ್ತ್ರಿಯೂ ಮರೆತಿದ್ದರು. ಈಗ ಅದರೊಳಗೆ ಅವ್ವನ ಹಳೇ ತೂತಿನ ಸೋಪು ಡಬ್ಬಿ ಇದೆ, ಕೆಳಗೆ ಎರಡು ಬೆಣಚುಕಲ್ಲು.