ಡಿಕ್ಕಿಯ ಬೇಸ್ ಡ್ಯಾಶ್‌ಬೋರ್ಡಿಗೆ ಬಂತು: 63 ಮತ್ತು 100 ಇಟ್ಟ ನನ್ನ ಅನುಭವ

ಸದ್ಯ ನನ್ನ ಕಾರಿನಲ್ಲಿ ಡೋರ್ ಸ್ಪೀಕರ್‌ಗೆ ಎಚ್‌ಪಿಎಫ್ (ಇಟ್ಟ ಅಂಕಿಗಿಂತ ಕೆಳಗಿನ ಸದ್ದನ್ನು ತಡೆಯುವ ಫಿಲ್ಟರ್) 100, ಡಿಕ್ಕಿಯ ಸಬ್‌ಗೆ, ಅಂದರೆ ಬೇಸ್‌ಗೆಂದೇ ಇರುವ ಸಬ್‌ವೂಫರ್‌ಗೆ, ಎಲ್‌ಪಿಎಫ್ (ಮೇಲಿನದನ್ನು ತಡೆಯುವ ಫಿಲ್ಟರ್) 63. ನಡುವೆ 37 ಹರ್ಟ್ಸ್ ಜಾಗ ಖಾಲಿ. ಇದನ್ನು ಹೇಳಿದಾಗ ಯಾರೂ ಒಪ್ಪಲಿಲ್ಲ. "ಎರಡಕ್ಕೂ 80 ಇಡಿ ಸಾರ್, ಇನ್ನೇನೂ ಮುಟ್ಟಬೇಡಿ" ಎಂದರು ಫಿಟ್ಟಿಂಗ್ ಮಾಡಿಕೊಟ್ಟವರು. "ನಡುವಿನ ಬೇಸ್ ಪೂರ್ತಿ ಹೋಗುತ್ತೆ ಮಾರಾಯಾ" ಎಂದ ಗೆಳೆಯ. ಹೋಗಲಿಲ್ಲ. ಮೃದಂಗದ ಎಡಗೈ ಪೆಟ್ಟು ಈಗ ನೇರ ಡ್ಯಾಶ್‌ಬೋರ್ಡ್ ಮೇಲಿಂದ ಬರುತ್ತದೆ. ಅದಕ್ಕೆ ಎರಡು ವರ್ಷ ಹಿಡಿಯಿತು. ಸುಮಾರು 7,500 ರೂಪಾಯಿ ದಂಡವೂ ಆಯಿತು.

ಕಾರು ಸಣ್ಣ ಹ್ಯಾಚ್‌ಬ್ಯಾಕ್. ಮುಂದೆ ಆರೂವರೆ ಇಂಚಿನ ಕಾಂಪೊನೆಂಟ್ (ತಾರದ ಸದ್ದಿಗೆ ಟ್ವೀಟರ್ ಎಂಬ ಪುಟ್ಟ ಸ್ಪೀಕರ್ ಬೇರೆಯಾಗಿ ಇರುವ ಸೆಟ್), ಡಿಕ್ಕಿಯಲ್ಲಿ 10 ಇಂಚಿನ ಸಬ್, ಗಾಳಿಯಾಡದ ಸೀಲ್ಡ್ ಬಾಕ್ಸ್. ನಾಲ್ಕು ಚಾನೆಲ್ ಆಂಪ್, ಹಿಂದಿನ ಎರಡು ಚಾನೆಲ್ ಬ್ರಿಡ್ಜ್ ಮಾಡಿ (ಒಂದಾಗಿ ಸೇರಿಸಿ) ಸಬ್‌ಗೆ. ಸದ್ದನ್ನು ಡಿಜಿಟಲ್ ಆಗಿ ತಿದ್ದುವ ಡಿಎಸ್‌ಪಿ ಇಲ್ಲ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಒಂದು ಇಡೀ ದಿನ ಅಲೆದು ತಂದ ಸಾಮಾನು. ಡ್ಯಾಂಪಿಂಗ್ ಶೀಟ್ ಸೇರಿ 38,000 ಹತ್ತಿರ ಆಗಿರಬೇಕು.

ಮೊದಲ ನಷ್ಟ ಡೋರ್ ಸ್ಪೀಕರ್‌ದು. ಆಗ ಸಬ್ ಇರಲಿಲ್ಲ. ಬೇಸ್ ಜಾಸ್ತಿ ಬರಲಿ ಅಂತ ಎಚ್‌ಪಿಎಫ್ 50ಕ್ಕೆ ಇಳಿಸಿ, ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಏರಿಸಿ ಓಡಿಸಿದೆ. ಒಂದು ತಿಂಗಳು ಚೆನ್ನಾಗಿತ್ತು. ಒಂದು ರಾತ್ರಿ ಊರಿಗೆ ಹೋಗುವಾಗ ಎಡಗಡೆ ಬಾಗಿಲಿಂದ ಕರಕರ ಸದ್ದು, ಹಿಂದೆಯೇ ಸುಟ್ಟ ವಾಸನೆ. ಪ್ಯಾನೆಲ್ ಬಿಚ್ಚಿ ಕೋನ್ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಕಾಯಿಲ್ ಮರಳಿನಲ್ಲಿ ಉಜ್ಜಿದ ಹಾಗೆ ಕೆರೆಯುತ್ತಿತ್ತು. ಜೋಡಿಯಾಗಿಯೇ ಕೊಳ್ಳಬೇಕಲ್ವಾ, 4,500 ಹೋಯಿತು.

ಸಬ್ ಬಂದ ಮೇಲೆ ಮಾಡಿದ ತಪ್ಪು ಇನ್ನೂ ದೊಡ್ಡದು. ಸ್ಟೀರಿಯೋದಲ್ಲಿ ಎಲ್‌ಪಿಎಫ್ 80 ಇಟ್ಟೆ, ಆಂಪ್‌ನ ನಾಬ್‌ನಲ್ಲೂ 80 ಇಟ್ಟೆ. ಎರಡು ಫಿಲ್ಟರ್ ಒಂದರ ಮೇಲೊಂದು ಕೂತವು. 80ರಲ್ಲಿ ಬೇಸ್ ಇಳಿಯಬೇಕಾದ 3 ಡಿಬಿಗಿಂತ (ಡಿಬಿ ಸದ್ದಿನ ಅಳತೆ) ಹೆಚ್ಚು ಇಳಿಯಿತು, ಫೇಸ್ (ಸಬ್ ಮತ್ತು ಡೋರ್ ಅಲೆಗಳ ಹೊಂದಾಣಿಕೆ) ಬೇರೆ ಕೆಟ್ಟಿತು. ಬೇಸ್ ಸಾಲದು ಅಂತ ಗೇನ್ ಏರಿಸಿದೆ, ಆಂಪ್ ಕ್ಲಿಪ್ ಆಗತೊಡಗಿತು, ಅಂದರೆ ಶಕ್ತಿ ಮೀರಿ ಸದ್ದು ಒಡೆಯತೊಡಗಿತು. ಬಾಕ್ಸ್ ಸರಿ ಇಲ್ಲ ಎಂದುಕೊಂಡು ಹೊಸದು ಮಾಡಿಸಿದೆ. ಬಡಗಿಗೆ ಮತ್ತು 18 ಎಂಎಂ ಎಂಡಿಎಫ್‌ಗೆ 3,000 ಕೊಟ್ಟೆ. ಹಳೇ ಬಾಕ್ಸ್‌ನಲ್ಲಿ ಏನೂ ತಪ್ಪಿರಲಿಲ್ಲ.

ನಾಬ್ ಮೇಲೆ ಬರೆದ ಅಂಕಿಯನ್ನು ನಂಬಬಾರದು ಅಂತ ಗೊತ್ತಾದದ್ದೂ ಆಗಲೇ. ಸ್ಟೀರಿಯೋದ ಫಿಲ್ಟರ್ ಆಫ್ ಮಾಡಿ, ಸಬ್ ವೈರ್ ಕಳಚಿ, ಆಂಪ್ ಔಟ್‌ಪುಟ್‌ಗೆ ಮಲ್ಟಿಮೀಟರ್ ಹಚ್ಚಿದೆ. ಪೆನ್ ಡ್ರೈವ್‌ನಲ್ಲಿ ಟೋನ್‌ಗಳಿದ್ದವು. 30 ಹರ್ಟ್ಸ್‌ಗೆ ಎಸಿ 10 ವೋಲ್ಟ್ ಬರುವಂತೆ ವಾಲ್ಯೂಮ್ ಇಟ್ಟು, ಒಂದೊಂದೇ ಟೋನ್ ಏರಿಸುತ್ತಾ ಹೋದೆ. ಮೀಟರ್ 7 ವೋಲ್ಟಿಗೆ, ಅಂದರೆ 3 ಡಿಬಿ ಕೆಳಗೆ, ಬಂದಲ್ಲಿ ಕಟ್ಆಫ್, ಫಿಲ್ಟರ್‌ನ ನಿಜವಾದ ಅಂಕಿ. ನಾಬ್ 80ರಲ್ಲಿತ್ತು, ಮೀಟರ್ ಮಾತ್ರ 110ರ ಹತ್ತಿರ 7 ತೋರಿಸಿತು! ಅವತ್ತಿನಿಂದ ಆಂಪ್‌ನ ಫಿಲ್ಟರ್ ಬಳಸುವುದನ್ನೇ ಬಿಟ್ಟೆ. ಈಗ ಕ್ರಾಸ್‌ಓವರ್ (ಡೋರ್‌ಗೂ ಸಬ್‌ಗೂ ಸದ್ದು ಹಂಚುವ ಈ ಫಿಲ್ಟರ್‌ಗಳು) ಏನಿದ್ದರೂ ಸ್ಟೀರಿಯೋದಲ್ಲೇ, 24 ಡಿಬಿಯ ಕಡಿದಾದ ಸ್ಲೋಪ್‌ನಲ್ಲಿ (ಇಳಿತದಲ್ಲಿ).

ಎಲ್ಲ ಸರಿ ಮಾಡಿ ಎರಡಕ್ಕೂ 80 ಇಟ್ಟೆ. ಆದರೂ ಗುಂಯ್ ಅನ್ನುವ ಬೇಸ್, ಅದೂ ಬೆನ್ನ ಹಿಂದಿನಿಂದ. ಗಂಡು ದನಿ ಹಾಡಿದರೆ ಹಂಡೆಯೊಳಗಿಂದ ಹಾಡಿದ ಹಾಗೆ. ಒಂದು ಸಂಜೆ ಸೆಕೆಗೆ ಗ್ಲಾಸ್ ನಾಲ್ಕು ಬೆರಳು ಇಳಿಸಿದೆ. ಗುಂಯ್ ಅರ್ಧಕ್ಕರ್ಧ ಇಳಿಯಿತು. ಏರಿಸಿದೆ, ಮತ್ತೆ ಬಂತು. ಹತ್ತು ಸಲವಾದರೂ ಹಾಗೆ ಮಾಡಿ ನೋಡಿರಬೇಕು. ಹಾಗಾದರೆ ತಪ್ಪು ಸಬ್‌ದಲ್ಲ. ಮುಚ್ಚಿದ ಸಣ್ಣ ಕಾರೇ ಕೆಳಗಿನ ಬೇಸನ್ನು ಎತ್ತಿ ಕೊಡುತ್ತಿದೆ. ಅದೇ ಜಾಗದಲ್ಲಿ ನಾನು ಡೋರ್ ಮತ್ತು ಸಬ್ ಎರಡನ್ನೂ ಒಟ್ಟಿಗೆ ಬಡಿಸುತ್ತಿದ್ದೆ. ಕಾರು ತುಂಬುವ ಜಾಗವನ್ನು ಕಾರಿಗೇ ಬಿಡೋಣ ಅನ್ನಿಸಿತು.

ಮೊದಲು ಎಲ್‌ಪಿಎಫ್ 63 ಮಾಡಿದೆ. ದನಿ ತಕ್ಷಣ ಬಿಡಿಸಿಕೊಂಡಿತು. ಆಮೇಲೆ ಎಚ್‌ಪಿಎಫ್ 100 ಮಾಡಿದೆ. ಬಾಗಿಲು ನಡುಗುವುದು ನಿಂತಿತು. ಎಚ್‌ಪಿಎಫ್ 125 ಕೂಡ ನೋಡಿದೆ, ತಬಲಾದ ಡಗ್ಗಾ ತೆಳ್ಳಗಾಯಿತು, ವಾಪಸ್ ಬಂದೆ. ಸಬ್ ಫೇಸ್ ನಾರ್ಮಲ್‌ನಲ್ಲೊಮ್ಮೆ, ರಿವರ್ಸ್‌ನಲ್ಲೊಮ್ಮೆ 80ರ ಟೋನ್ ಹಾಕಿ, ಡ್ರೈವರ್ ಸೀಟಿನಲ್ಲಿ ಯಾವುದು ಜೋರಾಗಿ ಕೇಳುತ್ತದೋ ಅದನ್ನು ಉಳಿಸಿಕೊಂಡೆ. ನನಗೆ ರಿವರ್ಸ್ ಸರಿಹೋಯಿತು. ಫೋನ್‌ನ ಆರ್‌ಟಿಎ ಆ್ಯಪ್ (ಯಾವ ಹರ್ಟ್ಸ್ ಎಷ್ಟು ಜೋರು ಎಂದು ಗೆರೆಯಲ್ಲಿ ತೋರಿಸುವುದು) ಹಚ್ಚಿ ನೋಡಿದೆ. ಅದರ ಮೈಕಿಗೆ ಕೆಳಗಿನ ಬೇಸ್ ಸರಿಯಾಗಿ ಸಿಗುವುದಿಲ್ಲ, ಹಾಗಾಗಿ ಗುಡ್ಡ ಎಲ್ಲಿದೆ ಅಂತ ನೋಡಲಿಕ್ಕೆ ಮಾತ್ರ ಬಳಸಿದೆ. ಮೊದಲು 70–80ರ ನಡುವೆ ಇದ್ದ ಗುಡ್ಡ ಹೆಚ್ಚುಕಡಿಮೆ ಸಮವಾಗಿತ್ತು.

ಇಷ್ಟಾದರೂ ಜೋರಾಗಿ ಹಾಕಿದರೆ ಬೇಸ್ ಹಿಂದಕ್ಕೆ ಓಡುತ್ತಿತ್ತು. ಕಾರಣ ಹುಡುಕಲು ಹೆಂಡತಿಯನ್ನು ಕಾರಿನಲ್ಲಿ ಕೂರಿಸಿ ಟೋನ್ ಹಾಕಿಸಿದೆ, ನಾನು ಹೊರಗೆ ಕೈಯಿಟ್ಟು ಸುತ್ತಿದೆ. ನಂಬರ್ ಪ್ಲೇಟ್ ಜೇನಿನ ಹಾಗೆ ಗುಯ್‌ಗುಡುತ್ತಿತ್ತು. ಸಬ್ ಎಲ್ಲಿದೆ ಅಂತ ಕಿವಿಗೆ ಹೇಳುತ್ತಿದ್ದದ್ದು ಆ ಸದ್ದು. ಪ್ಲೇಟಿನ ಹಿಂಬದಿಗೆ 20 ರೂಪಾಯಿಯ ಫೋಮ್ ಟೇಪ್ ಅಂಟಿಸಿದೆ, ಮುಗಿಯಿತು.

ಬಾಕ್ಸನ್ನು ಸೀಟಿನ ಕಡೆಗೂ ಡಿಕ್ಕಿ ಬಾಗಿಲ ಕಡೆಗೂ ತಿರುಗಿಸಿ ನೋಡಿದೆ. ಬಾಗಿಲ ಕಡೆ, ಒಂದು ಗೇಣು ಬಿಟ್ಟು ಇಟ್ಟದ್ದೇ ಚೆಂದ. ಟ್ವೀಟರ್ ಎಲ್ಲಿ, ಯಾವ ಓರೆಯಲ್ಲಿ ಕೂರಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನಲ್ಲೇ ಇರಲಿ. ನೀವು ಕಿವಿಗೊಟ್ಟು ಹುಡುಕಿ, ಸಿಗುತ್ತದೆ. ಪರೀಕ್ಷೆಗೆ ನಾನು ಇಟ್ಟುಕೊಂಡದ್ದು ಡೊಳ್ಳು ಮತ್ತು ಯಕ್ಷಗಾನದ ಚಂಡೆ. ಸಬ್ ಆಫ್ ಮಾಡಿದಾಗ ಚಂಡೆ ಒಂದಿಷ್ಟೂ ಬದಲಾಗಬಾರದು. ಡೊಳ್ಳು ಮಾತ್ರ ಬಡವಾಗಬೇಕು. ಚಂಡೆ ಬದಲಾದರೆ ಎಲ್‌ಪಿಎಫ್ ಇನ್ನೂ ಮೇಲಿದೆ ಎಂದೇ ಲೆಕ್ಕ.

ನಿಂತ ಕಾರಿನಲ್ಲಿ ಹೊಂದಿಸಿದ್ದು ರಸ್ತೆಯಲ್ಲಿ ಸಾಲದು. ಟೈರ್ ಸದ್ದು ಬೇಸನ್ನು ನುಂಗುತ್ತದೆ. ಹೆದ್ದಾರಿಯಲ್ಲಿ ಸಬ್ ಲೆವೆಲ್ ಎರಡು ಹೆಜ್ಜೆ ಏರಿಸುತ್ತೇನೆ, ಕ್ರಾಸ್‌ಓವರ್ ಮುಟ್ಟುವುದಿಲ್ಲ.

ಮೊದಲು ನಕ್ಕಿದ್ದ ಗೆಳೆಯನೇ ಈಗ ತನ್ನ ಕಾರು ಹೊಂದಿಸಿಕೊಡು ಅಂತ ಕರೆದಿದ್ದಾನೆ. ಅದು ಸೆಡಾನ್, ಡಿಕ್ಕಿಗೂ ಸೀಟಿಗೂ ನಡುವೆ ತಗಡಿನ ಗೋಡೆ. ಅಲ್ಲಿ 63 ನಡೆಯುವುದಿಲ್ಲ ಅನ್ನಿಸುತ್ತಿದೆ. 80ರಿಂದಲೇ ಶುರು ಮಾಡಿ, ಗ್ಲಾಸ್ ಇಳಿಸಿ ಏರಿಸಿ ನೋಡಬೇಕು.